ಇಪ್ಪತ್ತೆಂಟು ತಲೆಯ ಯಂತ್ರ

ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ. ಸೀರೆ ಕೊಳ್ಳುವವಳು ಸೆರಗು ನೋಡುತ್ತಾಳೆ. ಬದನೆಕಾಯಿ ಕೊಳ್ಳುವವನು ತೊಟ್ಟು ನೋಡುತ್ತಾನೆ. ಕೊಳ್ಳುವ ವಿದ್ಯೆಯೆಂದರೆ ಇಷ್ಟೇ: ಒಂದು ವಸ್ತುವಿನಲ್ಲಿ ಎಲ್ಲಿ ಕಣ್ಣಿಡಬೇಕೆಂಬುದು ಗೊತ್ತಿರುವುದು. ನಮ್ಮ ಹಿರಿಯರಿಗೆ ಈ ವಿದ್ಯೆ ಚೆನ್ನಾಗಿ ತಿಳಿದಿತ್ತು. ಎತ್ತಿನ ಬಾಯಿ ಬಿಡಿಸಿ ನೋಡದೆ ಅವರು ಹಗ್ಗಕ್ಕೆ ಕೈಹಾಕುತ್ತಿರಲಿಲ್ಲ. ಆದರೆ ಕಂಪ್ಯೂಟರು ಕೊಳ್ಳುವವನು ಏನನ್ನು ನೋಡಬೇಕು? ಅದಕ್ಕೆ ಹಲ್ಲಿಲ್ಲ, ಸೆರಗಿಲ್ಲ, ತೊಟ್ಟೂ ಇಲ್ಲ. ಇರುವುದೊಂದು ಕಪ್ಪು ಪೆಟ್ಟಿಗೆ. ಅದರ ಹೊಟ್ಟೆಯಲ್ಲಿ ಬಿಸ್ಕತ್ತಿನ ಗಾತ್ರದ ಒಂದು ಬಿಲ್ಲೆ. ಆ ಬಿಲ್ಲೆಯ ಹೆಸರು ಪ್ರೊಸೆಸರು. ಪೆಟ್ಟಿಗೆಯ ಯೋಗ್ಯತೆಯನ್ನು ಬಹುಮಟ್ಟಿಗೆ ನಿರ್ಣಯಿಸುವುದು ಅದೇ.

ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏತಕ್ಕೆ ಎಂದು ನೀವು ಕೇಳಬಹುದು. ಕೇಳತಕ್ಕದ್ದೇ. ಷಟ್ಪದಿಯ ಮಾತ್ರೆ ಎಣಿಸುವುದರಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ಆದರೆ ಮೇಷ್ಟರಾಗುವುದಕ್ಕೂ ಮೊದಲು ನಾನು ಸೋದರಮಾವ. ನನ್ನ ತಂಗಿಯ ಮಗ ಎಂ.ಟೆಕ್. ಓದುತ್ತಿದ್ದಾನೆ, ಸಾರಿಗೆ ಎಂಜಿನಿಯರಿಂಗ್ ಅವನ ವಿಷಯ. ಪ್ರಬಂಧಕ್ಕಾಗಿ ಅವನಿಗೊಂದು ಕಂಪ್ಯೂಟರು ಬೇಕಾಯಿತು. ತಂಗಿ ಹೊಲಿಗೆ ಯಂತ್ರದ ಮುಂದೆ ಕುಳಿತು ಗಳಿಸಿ, ಚೀಟಿ ಕಟ್ಟಿ ಕೂಡಿಸಿದ್ದ ೭೫ ಸಾವಿರ ರೂಪಾಯಿಗಳನ್ನು ನನ್ನ ಕೈಗೆ ಕೊಟ್ಟು, “ಹುಡುಗನ ಜೊತೆ ನೀನೂ ಹೋಗಣ್ಣ. ಎರಡನೆಯ ಸಲ ಕೊಳ್ಳುವ ಶಕ್ತಿ ನನಗಿಲ್ಲ” ಎಂದಳು. ಇಂಥ ಹಣವನ್ನು ಜೇಬಿನಲ್ಲಿಟ್ಟುಕೊಂಡವನಿಗೆ ಯಾವ ವಿಷಯವೂ ಪರರ ವಿಷಯವಾಗಿ ಉಳಿಯುವುದಿಲ್ಲ.

ಹುಡುಗನ ಪ್ರಬಂಧಕ್ಕೆ ವಸ್ತುವಾದದ್ದು ನಮ್ಮ ಬಡಾವಣೆಯ ಮುಂದಿನ ದೊಡ್ಡ ರಸ್ತೆ. ಆಸ್ಪತ್ರೆಗಾಗಲಿ ತರಕಾರಿಗಾಗಲಿ ನಾವು ಅದನ್ನು ದಾಟಿಯೇ ಹೋಗಬೇಕು. ಅಗಲ ೨೧ ಮೀಟರು. ನಡೆಯುವವರಿಗೆ ಅಲ್ಲಿ ಹಸಿರು ದೀಪ ಉರಿಯುವುದು ೧೮ ಸೆಕೆಂಡು. ಸಾಮಾನ್ಯ ಮನುಷ್ಯ ಸೆಕೆಂಡಿಗೆ ೧.೨ ಮೀಟರು ನಡೆಯುತ್ತಾನೆಂದು ಇಂಥ ಲೆಕ್ಕಗಳಲ್ಲಿ ಹಿಡಿಯುವುದು ವಾಡಿಕೆ. ಆ ಪ್ರಕಾರ ೨೧ ಮೀಟರಿಗೆ ಹದಿನೇಳೂವರೆ ಸೆಕೆಂಡು ಸಾಕು. ಲೆಕ್ಕ ಸರಿಯಾಗಿಯೇ ಇದೆ. ಆದರೆ ನನ್ನ ತಾಯಿ ಲೆಕ್ಕದ ಮನುಷ್ಯರಲ್ಲ. ಅವರಿಗೆ ೭೪ ವರ್ಷ, ಮಂಡಿನೋವು ಬೇರೆ. ಮೊಮ್ಮಗ ಗಡಿಯಾರ ಹಿಡಿದು ನೋಡಿದ. ಅಜ್ಜಿಯ ನಡಿಗೆ ಸೆಕೆಂಡಿಗೆ ೦.೮ ಮೀಟರು. ರಸ್ತೆ ದಾಟಲು ೨೬ ಸೆಕೆಂಡು ಬೇಕು. ಎಂದರೆ, ಹಸಿರು ದೀಪ ಆರಿದಾಗ ಅವರು ಇನ್ನೂ ಆರೂವರೆ ಮೀಟರು ಈಚೆಗೇ ಇರುತ್ತಾರೆ. ಅಷ್ಟರಲ್ಲಿ ಮೋಟಾರು ಸೈಕಲ್ಲುಗಳು ಗುರುಗುಟ್ಟಲು ತೊಡಗಿರುತ್ತವೆ.

ಎಂಟು ಸೆಕೆಂಡು ಹೆಚ್ಚಿಗೆ ಕೊಡಿ ಎಂದು ನಾವು ಕೆಲವರು ಕೇಳಿದ್ದುಂಟು. “ಕೊಟ್ಟರೆ ವಾಹನಗಳ ಸಾಲು ಹಿಂದಿನ ಸರ್ಕಲ್ಲಿನವರೆಗೂ ನಿಲ್ಲುತ್ತದೆ” ಎಂಬ ಉತ್ತರ ಬಂತು. ನಿಲ್ಲುತ್ತದೆಯೆ? ಇದೇ ಹುಡುಗನ ಪ್ರಶ್ನೆ. ರಸ್ತೆಯ ಮೇಲೆಯೇ ಪರೀಕ್ಷೆ ಮಾಡಿ ನೋಡೋಣವೆಂದರೆ ಊರಿನ ಜನ ಸುಮ್ಮನಿರುವುದಿಲ್ಲ. ಆದ್ದರಿಂದ ಆ ರಸ್ತೆಯನ್ನು ಕಂಪ್ಯೂಟರಿನೊಳಗೆ ಕಟ್ಟಿ, ಅದರಲ್ಲಿ ವಾಹನಗಳನ್ನು ಓಡಿಸಿ, ದೀಪ ಹಚ್ಚಿ ಆರಿಸಿ ನೋಡಬೇಕು. ಈ ಕೆಲಸಕ್ಕೆ ತಂತ್ರಾಂಶಗಳಿವೆ. ಜರ್ಮನಿಯ ಕಾರ್ಲ್ಸ್‌ರೂಹೆ ನಗರದ ವಿಸಿಮ್ ಎಂಬುದಿದೆ. ಅದನ್ನು ಬೆಲೆ ಕೊಟ್ಟು ಕೊಳ್ಳಬೇಕು. ಅದೇ ದೇಶದ ಅಂತರಿಕ್ಷ ಸಂಶೋಧನ ಕೇಂದ್ರದವರು ಸಿದ್ಧಪಡಿಸಿ, ಬೇಕಾದವರೆಲ್ಲ ಉಪಯೋಗಿಸಲೆಂದು ಬಿಟ್ಟಿರುವ ಸುಮೋ ಎಂಬುದೂ ಇದೆ. ಇದು ಜಪಾನಿನ ಮಲ್ಲನೂ ಅಲ್ಲ, ನಮ್ಮ ಊರುಗಳಲ್ಲಿ ಹನ್ನೆರಡು ಜನರನ್ನು ಹೊತ್ತು ಓಡುತ್ತಿದ್ದ ಗಾಡಿಯೂ ಅಲ್ಲ. ಬಿಟ್ಟಿಯಾಗಿ ಸಿಗುವುದರಿಂದ ಹುಡುಗ ಇದನ್ನೇ ಆರಿಸಿಕೊಂಡಿದ್ದ.

ಬೆಂಗಳೂರಿನಲ್ಲಿ ಕಂಪ್ಯೂಟರೆಂದರೆ ಎಸ್.ಪಿ. ರೋಡು. ಒಂದು ಅಂಗಡಿಗೆ ಹೋದೆವು. ಅಂಗಡಿಯವರು ಸಭ್ಯರು, ನಮ್ಮ ಹಣವೆಷ್ಟೆಂದು ಕೇಳಿ, ಅದಕ್ಕೆ ತಕ್ಕಂತೆ ಒಂದು ಯಂತ್ರವನ್ನು ತೋರಿಸಿದರು. ಯಾವುದೋ ಕಂಪೆನಿಯಲ್ಲಿ ಕೆಲವು ವರ್ಷ ದುಡಿದು ನಿವೃತ್ತಿ ಹೊಂದಿದ ಯಂತ್ರ. ಒಳಗೆ ಒಂದಲ್ಲ, ಎರಡು ಇಂಟೆಲ್ ಜಿಯಾನ್ ಪ್ರೊಸೆಸರುಗಳು, ೨೦೧೬ರ ಮಾದರಿ. ಒಂದೊಂದರಲ್ಲೂ ೧೪ ಕೋರುಗಳು. ಕೋರು ಎಂದರೆ ಲೆಕ್ಕ ಮಾಡುವ ತಲೆ ಎಂದುಕೊಳ್ಳಿ. ಒಟ್ಟು ೨೮ ತಲೆ! ರಾವಣನಿಗಿದ್ದದ್ದು ಹತ್ತೇ. ಬೆಲೆ ನಮ್ಮ ಕೈಗೆ ಎಟುಕುವಂಥದ್ದು. ಪಕ್ಕದಲ್ಲಿ ಹೊಸದೊಂದು ಯಂತ್ರವಿತ್ತು. ಅದರಲ್ಲಿದ್ದದ್ದು ರೈಜೆನ್ ೭ ೭೭೦೦ ಎಂಬ ಪ್ರೊಸೆಸರು, ೨೦೨೩ರಲ್ಲಿ ಪೇಟೆಗೆ ಬಂದದ್ದು. ಅದರ ತಲೆಗಳು ಎಂಟು. ಬೆಲೆ ಮಾತ್ರ ಹೆಚ್ಚುಕಡಿಮೆ ಅಷ್ಟೇ. “ಸ್ವಾಮಿ, ಅದೇ ದುಡ್ಡಿಗೆ ಇಪ್ಪತ್ತೆಂಟು ಸಿಗುವಾಗ ಎಂಟನ್ನು ಯಾರು ಕೊಳ್ಳುತ್ತಾರೆ?” ಎಂದು ಅಂಗಡಿಯವರು ಕೇಳಿದರು. ಸಂತೆಯ ನ್ಯಾಯದಲ್ಲಿ ಇದಕ್ಕೆ ಉತ್ತರವಿಲ್ಲ.

ಉತ್ತರ ಇದ್ದದ್ದು ಹುಡುಗನ ಪೆನ್‌ಡ್ರೈವಿನಲ್ಲಿ. ಕಾಲೇಜಿನ ಕಂಪ್ಯೂಟರಿನಲ್ಲಿ ಕಟ್ಟಿದ್ದ ತನ್ನ ರಸ್ತೆಯ ಮಾದರಿಯನ್ನೂ, ಅದನ್ನು ಓಡಿಸುವ ಸುಮೋವನ್ನೂ ಅವನು ಅದರಲ್ಲಿ ತಂದಿದ್ದ. ಮಾದರಿಯ ಒಂದು ತುಂಡನ್ನು ಓಡಿಸಿ ನೋಡಬಹುದೆ ಎಂದು ಕೇಳಿದ. ಅಂಗಡಿಯವರು ಸಂತೋಷವಾಗಿ ಒಪ್ಪಿದರು. ಇಪ್ಪತ್ತೆಂಟು ತಲೆಯ ಯಂತ್ರದಲ್ಲಿ ಓಡಿಸಿದ. ಯಾವ ತಲೆ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಪರದೆಯೊಂದಿದೆ, ಅದನ್ನು ತೆರೆದ. ಆ ಯಂತ್ರದಲ್ಲಿ ಒಂದೊಂದು ತಲೆಯೂ ಎರಡು ಸರದಿಯಲ್ಲಿ ಕೆಲಸ ಹಿಡಿಯುವುದರಿಂದ ಪರದೆಯ ಮೇಲೆ ೫೬ ಪುಟ್ಟ ಚೌಕಗಳು ಕಾಣಿಸಿದವು. ಒಂದೇ ಒಂದು ಚೌಕ ತುಂಬಿ ತುಳುಕುತ್ತಿತ್ತು. ಉಳಿದ ೫೫ ಚೌಕಗಳು ಭಾನುವಾರದ ಮಧ್ಯಾಹ್ನದಂತೆ ತಣ್ಣಗಿದ್ದವು. ಯಂತ್ರದ ಒಟ್ಟು ದುಡಿಮೆ ನೂರಕ್ಕೆ ಎರಡು ಎಂದು ಮೂಲೆಯಲ್ಲಿ ತೋರಿಸುತ್ತಿತ್ತು. ಆಮೇಲೆ ಅದೇ ತುಂಡನ್ನು ಎಂಟು ತಲೆಯ ಯಂತ್ರದಲ್ಲಿ ಓಡಿಸಿದ. ಅಲ್ಲಿಯೂ ದುಡಿದದ್ದು ಒಂದೇ ತಲೆ. ಆದರೆ ಮೊದಲಿನದು ತೆಗೆದುಕೊಂಡ ಹೊತ್ತಿನಲ್ಲಿ ಅರ್ಧವೂ ಆಗುವ ಮೊದಲೇ ಅದು ಕೆಲಸ ಮುಗಿಸಿತು.

ಇದೇಕೆ ಹೀಗೆ? ಹುಡುಗ ವಿವರಿಸಿದ. ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಕಂಪ್ಯೂಟರಿನೊಳಗಿನ ರಸ್ತೆಯಲ್ಲಿ ಕಾಲ ಸೆಕೆಂಡು ಸೆಕೆಂಡಾಗಿ ಹೆಜ್ಜೆಯಿಡುತ್ತದೆ. ಪ್ರತಿ ಹೆಜ್ಜೆಯಲ್ಲಿ ಪ್ರತಿಯೊಂದು ವಾಹನವೂ ತನ್ನ ಮುಂದಿನ ವಾಹನವನ್ನು ನೋಡುತ್ತದೆ: ಅದು ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ, ಅದು ಥಟ್ಟನೆ ನಿಂತರೆ ತಾನು ಗುದ್ದದೆ ನಿಲ್ಲಬಲ್ಲೆನೆ? ಇಷ್ಟನ್ನು ಲೆಕ್ಕಹಾಕಿ ತನ್ನ ವೇಗವನ್ನು ಗೊತ್ತುಮಾಡಿಕೊಳ್ಳುತ್ತದೆ. ೧೯೯೮ರಲ್ಲಿ ಕ್ರೌಸ್ ಎಂಬ ಜರ್ಮನ್ ವಿದ್ವಾಂಸನು ಪಿಎಚ್.ಡಿ. ಪ್ರಬಂಧದಲ್ಲಿ ಬರೆದ ಸೂತ್ರವನ್ನೇ ಸುಮೋ ಇಂದಿಗೂ ಮೂಲವಾಗಿ ಇಟ್ಟುಕೊಂಡಿದೆ. ಸಾರಾಂಶ, ಟ್ರಾಫಿಕ್ಕೆಂದರೆ ಮುಂದಿನವನ ಬೆನ್ನು ನೋಡುವುದು. ಜಪಾನಿನ ಸಂಶೋಧಕರು ೨೦೦೮ರಲ್ಲಿ ಇದನ್ನು ಸೊಗಸಾಗಿ ತೋರಿಸಿಕೊಟ್ಟರು. ೨೩೦ ಮೀಟರು ಸುತ್ತಳತೆಯ ಒಂದು ವೃತ್ತದಲ್ಲಿ ೨೨ ಕಾರುಗಳನ್ನು ಒಂದರ ಹಿಂದೊಂದು ಒಂದೇ ವೇಗದಲ್ಲಿ ಓಡಿಸಿರೆಂದರು. ಸಿಗ್ನಲ್ಲಿಲ್ಲ, ಹಳ್ಳವಿಲ್ಲ, ಅಡ್ಡ ಬರುವ ದನವಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ಯಾರೋ ಒಬ್ಬರು ಕೊಂಚ ನಿಧಾನಿಸಿದರು, ಹಿಂದಿನವರು ಇನ್ನೂ ಕೊಂಚ ನಿಧಾನಿಸಿದರು, ಕಾರುಗಳು ನಿಂತೇಬಿಟ್ಟವು. ಕಾರುಗಳು ಮುಂದಕ್ಕೆ ಹೋಗುತ್ತಿದ್ದರೆ, ಆ ಗಂಟು ಮಾತ್ರ ಅಲೆಯಂತೆ ಹಿಂದಕ್ಕೆ ಸರಿಯುತ್ತ ಬಂತು.

ಈಗ ಈ ಕೆಲಸವನ್ನು ಇಪ್ಪತ್ತೆಂಟು ಜನರಿಗೆ ಹಂಚುವುದು ಹೇಗೆ? ಕಾಲವನ್ನು ಹಂಚಲಾಗದು. ಹತ್ತನೆಯ ಸೆಕೆಂಡಿನಲ್ಲಿ ಯಾರು ಎಲ್ಲಿದ್ದಾರೆಂದು ಗೊತ್ತಾಗದೆ ಹನ್ನೊಂದನೆಯ ಸೆಕೆಂಡನ್ನು ಲೆಕ್ಕಮಾಡುವಂತಿಲ್ಲ. ರಸ್ತೆಯನ್ನು ತುಂಡುಮಾಡಿ ಹಂಚಬಹುದು. ಆದರೆ ಪ್ರತಿ ಸೆಕೆಂಡಿಗೊಮ್ಮೆ ಎಲ್ಲರೂ ನಿಂತು, ಗಡಿ ದಾಟಿದ ವಾಹನಗಳನ್ನು ಪಕ್ಕದವನಿಗೆ ಒಪ್ಪಿಸಿ, ಅವನದು ಮುಗಿಯಿತೆ ಎಂದು ಕಾದು ಮುಂದುವರಿಯಬೇಕು. ದುಡಿಮೆಗಿಂತ ಒಪ್ಪಿಸುವುದೂ ಕಾಯುವುದೂ ಹೆಚ್ಚಾಗುತ್ತವೆ. ಇದನ್ನು ಸಾಧಿಸಲು ಹೊರಟವರು ಇಲ್ಲದಿಲ್ಲ. ತೊಂಬತ್ತರ ದಶಕದಲ್ಲಿ ಎಡಿನ್‌ಬರೋದವರು ಹಲವು ಪ್ರೊಸೆಸರುಗಳಲ್ಲಿ ಒಟ್ಟಿಗೆ ಓಡಲೆಂದೇ ಪ್ಯಾರಾಮಿಕ್ಸ್ ಎಂಬುದನ್ನು ಕಟ್ಟಿದರು. ವಿಸಿಮ್ ಕೂಡ ಹಲವು ಕೋರುಗಳನ್ನು ಬಳಸಬಲ್ಲದು. ಆದರೆ ತಲೆ ಇಮ್ಮಡಿಯಾದರೆ ವೇಗವೂ ಇಮ್ಮಡಿಯಾಗುತ್ತದೆ ಎಂದು ಯಾರೂ ಭಾವಿಸಬಾರದು. ಸುಮೋದಲ್ಲಂತೂ ಮುಖ್ಯವಾದ ಕೆಲಸವನ್ನೆಲ್ಲ ಮಾಡುವುದು ಒಂದೇ ತಲೆ.

ಇದಕ್ಕೊಂದು ಲೆಕ್ಕವೂ ಉಂಟು. ಜೀನ್ ಆಮ್‌ಡಾಲ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞ ೧೯೬೭ರಲ್ಲಿ ಮಂಡಿಸಿದ ವಾದದಿಂದ ಹುಟ್ಟಿದ್ದು. ಒಂದು ಕೆಲಸದಲ್ಲಿ ಅರ್ಧ ಭಾಗ ಹಂಚಲು ಬಾರದ್ದು ಎನ್ನೋಣ. ಉಳಿದರ್ಧವನ್ನು ಇಪ್ಪತ್ತೆಂಟು ಜನ ಹಂಚಿಕೊಂಡರೂ ಒಟ್ಟು ಕೆಲಸದ ವೇಗ ಎರಡು ಪಟ್ಟು ಕೂಡ ಆಗುವುದಿಲ್ಲ. ಹಂಚಲಾಗದ ಭಾಗ ಹತ್ತರಲ್ಲಿ ಒಂದೇ ಇದ್ದರೂ, ಸಾವಿರ ಜನರನ್ನು ತಂದು ನಿಲ್ಲಿಸಿ, ವೇಗ ಹತ್ತು ಪಟ್ಟು ದಾಟುವುದಿಲ್ಲ. ಆಮ್‌ಡಾಲನಿಗೆ ಕನ್ನಡ ಬಂದಿದ್ದರೆ ಇಷ್ಟು ಶ್ರಮವಿಲ್ಲದೆ ಹೇಳಬಹುದಿತ್ತು: ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ.

ಹಾಗಾದರೆ ತಲೆಗಳನ್ನು ಹೆಚ್ಚಿಸುತ್ತ ಹೋಗುವುದೇಕೆ? ತಯಾರಕರಿಗೆ ಬೇರೆ ದಾರಿ ಇರಲಿಲ್ಲ. ಒಂದೇ ತಲೆಯನ್ನು ವರ್ಷವರ್ಷವೂ ಚುರುಕುಮಾಡುತ್ತ ಬಂದವರು, ೨೦೦೪ರ ಸುಮಾರಿಗೆ, ಇನ್ನೂ ಚುರುಕುಮಾಡಿದರೆ ಬಿಲ್ಲೆಯೇ ಕಾದು ಕೆಡುವ ಸ್ಥಿತಿಗೆ ತಲಪಿದರು. ೨೦೦೫ರಿಂದ ಮನೆಬಳಕೆಯ ಪ್ರೊಸೆಸರುಗಳಲ್ಲಿಯೂ ಎರಡೆರಡು ಕೋರುಗಳು ಬಂದವು. ಆಮೇಲೆ ನಾಲ್ಕು, ಎಂಟು, ಹದಿನಾರು. ಒಬ್ಬ ಬಾಣಸಿಗನ ಕೈ ಇನ್ನು ಚುರುಕಾಗದು ಎಂದಾಗ ಬಾಣಸಿಗರನ್ನು ಹೆಚ್ಚಿಸಿದ ಹಾಗೆ. ನೂರು ಎಲೆಗೆ ಹೋಳಿಗೆ ತಟ್ಟಬೇಕಾದಾಗ ಇದು ಸರಿಯೇ. ಒಂದು ಪಾತ್ರೆಯ ಹಾಲು ಕಾಯಿಸಲು ಹತ್ತು ಜನ ಬಂದರೆ ಹಾಲು ಬೇಗ ಉಕ್ಕುವುದಿಲ್ಲ.

ಇಲ್ಲಿಗೆ ವ್ಯವಹಾರ ಮುಗಿಯಬಹುದಿತ್ತು. ಆದರೆ ಅಂಗಡಿಯವರು ಜಾಣರು. “ಅಲ್ಲಪ್ಪ, ನೀನು ಒಂದೇ ಸಲ ಓಡಿಸಿ ಬಿಟ್ಟುಬಿಡುತ್ತೀಯೇನು?” ಎಂದು ಹುಡುಗನನ್ನು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ರಸ್ತೆಯಲ್ಲಿ ಯಾವ ದಿನವೂ ಇನ್ನೊಂದು ದಿನದಂತಿರುವುದಿಲ್ಲವಷ್ಟೆ? ಆದ್ದರಿಂದ ಕಂಪ್ಯೂಟರಿನ ರಸ್ತೆಯಲ್ಲೂ ವಾಹನಗಳು ಬರುವ ಹೊತ್ತನ್ನು ದಾಳ ಉರುಳಿಸಿದಂತೆ ಬದಲಾಯಿಸಿ, ಒಂದೇ ಪರೀಕ್ಷೆಯನ್ನು ಹಲವು ಸಲ ಮಾಡಬೇಕು. ಒಂದು ದಿನದ ಸಾಕ್ಷಿಯನ್ನು ನಂಬಬಾರದು. ಹುಡುಗನ ಬಳಿ ಸಿಗ್ನಲ್ಲಿನ ಆರು ಯೋಜನೆಗಳಿದ್ದವು. ಬೆಳಗಿನ ಸಂಚಾರ, ಸಂಜೆಯ ಸಂಚಾರ ಎಂದು ಎರಡು. ಒಂದೊಂದಕ್ಕೂ ಹತ್ತು ಹತ್ತು ದಿನ. ಒಟ್ಟು ೧೨೦ ಓಟಗಳು. ಈ ನೂರಿಪ್ಪತ್ತು ಒಂದಕ್ಕೊಂದು ಸಂಬಂಧಪಟ್ಟವಲ್ಲ. ಸೋಮವಾರದ ಲೆಕ್ಕ ಮಂಗಳವಾರಕ್ಕಾಗಿ ಕಾಯಬೇಕಾಗಿಲ್ಲ. ಒಂದೊಂದು ತಲೆಗೆ ಒಂದೊಂದನ್ನು ಕೊಟ್ಟುಬಿಡಬಹುದು. ಇಲ್ಲಿ ಇಪ್ಪತ್ತೆಂಟೂ ದುಡಿಯುತ್ತವೆ. ಹನಿಗೂಡಿದರೆ ಹಳ್ಳ ಎಂಬ ಗಾದೆಯೂ ಕನ್ನಡದ್ದೇ.

ಈ ಭೇದ ನನ್ನ ವೃತ್ತಿಯವರಿಗೆ ಪರಿಚಿತವಾದದ್ದು. ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಐವತ್ತು ಜನ ಮೇಷ್ಟರುಗಳನ್ನು ಕೂಡಿಸಿದರೆ ಕೆಲಸ ಐವತ್ತರಲ್ಲಿ ಒಂದು ಪಾಲು ಹೊತ್ತಿನಲ್ಲಿ ಆಗುತ್ತದೆ. ಚಹಾದ ವಿರಾಮ ಬಿಟ್ಟರೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಹಲವು ವಿದ್ವಾಂಸರು ಕೂಡಿ ಮಾಡಿದ ಕೆಲಸ. ಆದರೆ ಒಂದು ಕಾದಂಬರಿಯನ್ನು ಅಧ್ಯಾಯಕ್ಕೊಬ್ಬರಂತೆ ಹಂಚಿ ಒಂದೇ ದಿನ ಬರೆಸಿ ನೋಡಿ: ಮೂರನೆಯ ಅಧ್ಯಾಯದಲ್ಲಿ ಸತ್ತವನು ಐದನೆಯದರಲ್ಲಿ ಮದುವೆಯಾಗಿರುತ್ತಾನೆ.

ಆಗ ಅಂಗಡಿಯ ಕಾಗದದ ಮೇಲೆಯೇ ಲೆಕ್ಕಹಾಕಿದೆವು. ಪೂರ್ತಿ ಮಾದರಿ ಒಂದು ಸಲ ಓಡಲು ಎಂಟು ತಲೆಯದರಲ್ಲಿ ಸುಮಾರು ೨೦ ನಿಮಿಷ, ಇಪ್ಪತ್ತೆಂಟು ತಲೆಯದರಲ್ಲಿ ಸುಮಾರು ೪೮ ನಿಮಿಷ ಎಂದು ಪರೀಕ್ಷೆಯಿಂದ ಅಂದಾಜಾಗಿತ್ತು. ನೂರಿಪ್ಪತ್ತು ಓಟಗಳನ್ನು ಇಪ್ಪತ್ತೆಂಟು ತಲೆಯದು ಐದು ಸರದಿಯಲ್ಲಿ ಮುಗಿಸುತ್ತದೆ, ನಾಲ್ಕು ಗಂಟೆ. ಎಂಟು ತಲೆಯದಕ್ಕೆ ಹದಿನೈದು ಸರದಿ, ಐದು ಗಂಟೆ. ಎಲ್ಲ ತಲೆಗಳೂ ಒಟ್ಟಿಗೆ ದುಡಿಯುವಾಗ ಬಿಸಿಯೇರಿ ವೇಗ ತಗ್ಗುವುದರಿಂದ ಎರಡಕ್ಕೂ ಇನ್ನಷ್ಟು ಸೇರಿಸಿ. ಅಂತೂ ಗುಂಪು ಕೆಲಸದಲ್ಲಿ ಹಳೆಯ ಯಂತ್ರವೇ ಮುಂದು.

ಆದರೆ ಈ ಗುಂಪು ಕೆಲಸ ನಡೆಯುವುದು ಯಾವಾಗ? ರಾತ್ರಿ. ಹತ್ತು ಗಂಟೆಗೆ ಚಾಲೂ ಮಾಡಿ ಮಲಗಿದರೆ, ನಾಲ್ಕು ಗಂಟೆಯಾದರೂ ಸರಿ, ಆರು ಗಂಟೆಯಾದರೂ ಸರಿ, ಬೆಳಗಾಗುವುದರೊಳಗೆ ಮುಗಿದಿರುತ್ತದೆ. ನಿದ್ರೆಯಲ್ಲಿರುವವನಿಗೆ ಎರಡು ಗಂಟೆಯ ಲಾಭದಿಂದ ಆಗಬೇಕಾದದ್ದೇನು? ಹಗಲಿನ ಕೆಲಸ ಬೇರೆ. ಹಗಲಿನಲ್ಲಿ ಹುಡುಗ ಒಂದು ಸಲ ಓಡಿಸಿ, ರಸ್ತೆಯ ಬದಿಯಲ್ಲಿ ನಿಂತು ತಾನು ಎಣಿಸಿ ತಂದ ವಾಹನಗಳ ಲೆಕ್ಕಕ್ಕೆ ಅದು ಹೊಂದುತ್ತದೆಯೆ ಎಂದು ನೋಡಬೇಕು; ಹೊಂದದಿದ್ದರೆ ಎಲ್ಲಿ ತಪ್ಪಿದೆ ಎಂದು ಹುಡುಕಿ, ತಿದ್ದಿ, ಮತ್ತೆ ಓಡಿಸಬೇಕು. ಈ ತಿದ್ದುವ ಕೆಲಸವೇ ತಿಂಗಳುಗಟ್ಟಲೆ ಹಿಡಿಯುವಂಥದ್ದು. ಅದರಲ್ಲೂ ನಮ್ಮ ರಸ್ತೆಗಳ ಮಾದರಿ ಸುಲಭವಲ್ಲ. ಜರ್ಮನಿಯಲ್ಲಿ ವಾಹನಗಳು ಗೆರೆಯೊಳಗೆ ಹೋಗುತ್ತವೆ. ನಮ್ಮಲ್ಲಿ ಎರಡು ಬಸ್ಸುಗಳ ನಡುವೆ ಆಟೋ, ಆಟೋ ಮತ್ತು ಬಸ್ಸಿನ ನಡುವೆ ಸ್ಕೂಟರು. ಇದನ್ನು ತೋರಿಸಲು ಸುಮೋದಲ್ಲಿ ಒಂದೊಂದು ಪಥವನ್ನೂ ಉದ್ದಕ್ಕೆ ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳುವ ಏರ್ಪಾಟಿದೆ. ಹಾಗೆ ಸೀಳಿದಾಗ ಪ್ರತಿ ವಾಹನವೂ ಮುಂದೆ ಮಾತ್ರವಲ್ಲ, ಅಕ್ಕಪಕ್ಕವನ್ನೂ ನೋಡಬೇಕಾಗಿ ಲೆಕ್ಕ ಇನ್ನಷ್ಟು ಬೆಳೆಯುತ್ತದೆ. ಹಗಲಿನ ಎಂಟು ಗಂಟೆಯಲ್ಲಿ ಒಂದು ಯಂತ್ರದಲ್ಲಿ ಇಪ್ಪತ್ತನಾಲ್ಕು ಸಲ ಓಡಿಸಿ ನೋಡಬಹುದು. ಇನ್ನೊಂದರಲ್ಲಿ ಹತ್ತೇ ಸಲ. ಪ್ರಬಂಧ ಒಪ್ಪಿಸಲು ಆರು ತಿಂಗಳಿರುವ ಹುಡುಗನಿಗೆ ಈ ಇಪ್ಪತ್ತನಾಲ್ಕಕ್ಕೂ ಹತ್ತಕ್ಕೂ ಇರುವ ವ್ಯತ್ಯಾಸವೇ ಮುಖ್ಯ.

ಯಂತ್ರ ಕಾಯುವ ಹೊತ್ತು ಒಂದು, ಮನುಷ್ಯ ಕಾಯುವ ಹೊತ್ತು ಇನ್ನೊಂದು. ಕೊಳ್ಳುವವನು ಲೆಕ್ಕಕ್ಕೆ ಹಿಡಿಯಬೇಕಾದದ್ದು ಎರಡನೆಯದನ್ನು. ಎಲ್ಲಿ ಕಣ್ಣಿಡಬೇಕೆಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು.

ಉಳಿದ ವಿಷಯಗಳು ಬೇಗ ತೀರ್ಮಾನವಾದವು. ಆಟಕ್ಕೆಂದು ಮಾರುವ ದುಬಾರಿ ಗ್ರಾಫಿಕ್ಸ್ ಕಾರ್ಡು ಬೇಡ. ಸುಮೋ ಅದರಿಂದ ಲೆಕ್ಕ ಮಾಡಿಸುವುದಿಲ್ಲ, ಚಿತ್ರ ತೋರಿಸಲು ಪ್ರೊಸೆಸರಿನಲ್ಲೇ ಇರುವ ಸಣ್ಣ ವ್ಯವಸ್ಥೆ ಸಾಕು. ಕ್ಯಾಷ್ ಎಂಬುದೊಂದಿದೆ: ಪ್ರೊಸೆಸರಿನ ಕೈಯಳತೆಯಲ್ಲಿರುವ ಪುಟ್ಟ ನೆನಪಿನ ಕೋಶ. ಪದೇಪದೇ ಬೀರುವಿಗೆ ಎದ್ದುಹೋಗದೆ ಮೇಜಿನ ಮೇಲೆಯೇ ಪುಸ್ತಕ ಇಟ್ಟುಕೊಂಡಂತೆ. ಸಾವಿರಾರು ವಾಹನಗಳ ವಿವರ ನೋಡುತ್ತಿರುವವನಿಗೆ ಮೇಜು ದೊಡ್ಡದಿದ್ದರೆ ಒಳ್ಳೆಯದು. ಅತಿ ದೊಡ್ಡ ಮೇಜಿನ ಪ್ರೊಸೆಸರುಗಳೂ ಇವೆ. ಆದರೆ ಆ ಕ್ಯಾಷ್ ಹೆಚ್ಚಿದಷ್ಟೂ ಜೇಬಿನ ಕ್ಯಾಷ್ ಕಡಿಮೆಯಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿದೆವು. ವಿದ್ಯುತ್ತಿನ ವಿಚಾರವನ್ನು ನಾನೇ ಕೇಳಿದೆ. ಹಳೆಯ ಯಂತ್ರದ ಪ್ರೊಸೆಸರುಗಳಿಗೆ ನಿಗದಿಯಾದದ್ದು ತಲಾ ೧೨೦ ವಾಟು, ಎರಡಕ್ಕೆ ೨೪೦, ಹೊಸದಕ್ಕೆ ೬೫. ಎರಡು ಕೋಣೆಯ ಮನೆಯಲ್ಲಿ ರಾತ್ರಿಯಿಡೀ ಓಡುವ ಯಂತ್ರದ ಬಿಸಿಯನ್ನೂ ಸದ್ದನ್ನೂ ಬಿಲ್ಲನ್ನೂ ತಾಳಬೇಕಾದವಳು ನನ್ನ ತಂಗಿ. ಎಂಟು ತಲೆಯದನ್ನೇ ಕಟ್ಟಿಸಿಕೊಂಡು ಬಂದೆವು. ಹಳೆಯದನ್ನು ನಾನು ಹಳಿಯುವುದಿಲ್ಲ. ಸಾವಿರಗಟ್ಟಲೆ ಓಟಗಳ ಕೆಲಸ ಹಿಡಿದವನಿಗೆ ಅದೇ ಸರಿಯಾದೀತು. ಸಂತೆಯಲ್ಲಿ ಎತ್ತು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಮೊದಲು, ಗಾಡಿಗೋ ನೇಗಿಲಿಗೋ ಎಂದು ಕೇಳಬೇಕು.

ಯಂತ್ರ ಈಗ ಹೊಲಿಗೆ ಯಂತ್ರದ ಪಕ್ಕದಲ್ಲೇ ಕುಳಿತಿದೆ. ಎಂಟು ಸೆಕೆಂಡು ಹೆಚ್ಚಿಗೆ ಕೊಟ್ಟರೆ ಸಂಜೆಯ ಹೊತ್ತು ಸಾಲು ಬೆಳೆಯುವುದು ನಿಜವೆಂದೂ, ಪಕ್ಕದ ಸಿಗ್ನಲ್ಲಿನ ಹಸಿರನ್ನು ಅದಕ್ಕೆ ಹೊಂದಿಸಿದರೆ ಆ ಸಾಲು ಹಿಂದಿನ ಸರ್ಕಲ್ಲನ್ನು ಮುಟ್ಟುವ ಮೊದಲೇ ಕರಗುತ್ತದೆಂದೂ ಅವನ ಈವರೆಗಿನ ಓಟಗಳು ಹೇಳುತ್ತಿವೆ. ಆದರೆ ಒಂದು ಮಾತನ್ನು ಯಂತ್ರ ತಾನಾಗಿ ಹೇಳಲಿಲ್ಲ. ಯಾವ ವಾಹನ ಎಷ್ಟು ಹೊತ್ತು ಕಾಯಿತು ಎಂಬ ಪಟ್ಟಿಯಲ್ಲಿ ಅರವತ್ತು ಜನರ ಬಸ್ಸಿಗೂ ಒಬ್ಬನೇ ಕುಳಿತ ಕಾರಿಗೂ ಒಂದೊಂದೇ ಸಾಲು. ವಾಹನಗಳನ್ನು ಎಣಿಸಬೇಕೋ ಮನುಷ್ಯರನ್ನು ಎಣಿಸಬೇಕೋ, ಕಲ್ಲಂಚಿನ ಮೇಲೆ ಕೋಲೂರಿ ನಿಂತವರ ಕಾಯುವಿಕೆಯನ್ನು ಯಾವ ಕಲಮಿಗೆ ಹಾಕಬೇಕೋ, ಅದನ್ನು ಹುಡುಗನೇ ಗೊತ್ತುಮಾಡಬೇಕಾಯಿತು. ಅವನು ಮನುಷ್ಯರನ್ನು ಎಣಿಸುತ್ತಿದ್ದಾನೆ.

ಪ್ರಬಂಧ ಮುಗಿದ ಮೇಲೆ ಅದರ ಒಂದು ಪ್ರತಿಯನ್ನು ಸಂಬಂಧಪಟ್ಟವರಿಗೆ ಕೊಡಬೇಕೆಂದಿದ್ದೇವೆ. ಅವರು ಓದುತ್ತಾರೋ ಇಲ್ಲವೋ, ಓದಲು ಎಷ್ಟು ದಿನ ಹಿಡಿಯುತ್ತದೋ, ಅದು ಸುಮೋದ ಸೂತ್ರಗಳಿಗೆ ಸಿಕ್ಕುವ ವಿಷಯವಲ್ಲ. ಅಲ್ಲಿಯವರೆಗೆ ಆಸ್ಪತ್ರೆಗೆ ಹೋಗುವ ದಿನ ಅಮ್ಮನ ಜೊತೆಗೆ ನಾನೋ ಹುಡುಗನೋ ಹೋಗುತ್ತೇವೆ. ವಾಹನಗಳ ಕಡೆಗೆ ಒಂದು ಕೈ ಚಾಚಿಕೊಂಡು, ಅವರ ಹೆಜ್ಜೆಗೆ ಹೆಜ್ಜೆ ಕೂಡಿಸಿ ದಾಟುತ್ತೇವೆ. ಇಪ್ಪತ್ತಾರು ಸೆಕೆಂಡು ಬೇಕು.